ಡ್ವೈಟ್ ಯಾರ್ಕ್

ಡ್ವೈಟ್ ಯಾರ್ಕ್ (ಜನನ: 3 ನವೆಂಬರ್ 1971) ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಮಾಜಿ ಫುಟ್‌ಬಾಲ್ ಆಟಗಾರರು ಮತ್ತು ತರಬೇತುದಾರರು. ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಹಾಗೂ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ಗಳ ಮುನ್ಪಡೆ ಆಟಗಾರರಾಗಿ ಇವರು ಪ್ರಸಿದ್ಧರು. 1999ರಲ್ಲಿ ಒಂದೇ ಋತುವಿನಲ್ಲಿ ಮೂರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಇವರದು ಮುಖ್ಯ ಪಾತ್ರ. 2006ರ ವಿಶ್ವಕಪ್‌ನಲ್ಲಿ ತಮ್ಮ ದೇಶದ ನಾಯಕರಾಗಿದ್ದರು. ಆಟದಿಂದ ನಿವೃತ್ತರಾಗಿ ಹದಿಮೂರು ವರ್ಷಗಳ ನಂತರ, 2022ರಲ್ಲಿ, ಆಸ್ಟ್ರೇಲಿಯಾದ ಮಕಾರ್ಥರ್ ಎಫ್.ಸಿ. ತಂಡದ ಮೂಲಕ ಮೊದಲ ಬಾರಿಗೆ ಮುಖ್ಯ ತರಬೇತುದಾರರಾದರು.

ಆರಂಭಿಕ ಜೀವನ

ಯಾರ್ಕ್ ಅವರು ಟೊಬೇಗೊ ದ್ವೀಪದ ಕೆನಾನ್ ಎಂಬ ಊರಿನಲ್ಲಿ ಜನಿಸಿದರು. ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಎರಡು ಮುಖ್ಯ ದ್ವೀಪಗಳಲ್ಲಿ ಟೊಬೇಗೊ ಚಿಕ್ಕದು. ಕ್ರಿಕೆಟ್ ಪ್ರಿಯರಿಗೆ ಈ ದೇಶ ಬ್ರಯಾನ್ ಲಾರಾ ಅವರ ತಾಯ್ನಾಡೆಂದು ಪರಿಚಿತ. ಲಾರಾ ಮತ್ತು ಯಾರ್ಕ್ ಆಪ್ತ ಗೆಳೆಯರು. 1989ರಲ್ಲಿ ಆಸ್ಟನ್ ವಿಲ್ಲಾ ತಂಡ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಬಂದಾಗ ಅದರ ವ್ಯವಸ್ಥಾಪಕ ಗ್ರಹಾಂ ಟೇಲರ್ ಅವರು ಈ ಹದಿಹರೆಯದ ಹುಡುಗನ ಆಟವನ್ನು ಗಮನಿಸಿ ಇಂಗ್ಲೆಂಡಿಗೆ ಕರೆಸಿಕೊಂಡರು.

ಅದೇ ವರ್ಷ ನವೆಂಬರ್ 19ರಂದು ರಾಷ್ಟ್ರೀಯ ತಂಡ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಮೆರಿಕವನ್ನು ಎದುರಿಸಿತು. ಪಂದ್ಯ ಸಮವಾಗಿದ್ದರೂ 1990ರ ಇಟಲಿ ವಿಶ್ವಕಪ್‌ಗೆ ದಾರಿ ತೆರೆಯುತ್ತಿತ್ತು. ಆದರೆ ಪಾಲ್ ಕ್ಯಾಲಿಜ್ಯೂರಿ ಹೊಡೆದ ಏಕೈಕ ಗೋಲಿನಿಂದ ಆ ಕನಸು ಭಗ್ನವಾಯಿತು. ‘ಸ್ಟ್ರೈಕ್ ಸ್ಕ್ವಾಡ್’ ಎಂದು ಜನರು ಕರೆಯುತ್ತಿದ್ದ ಆ ತಂಡದಲ್ಲಿ ಹದಿನೆಂಟು ವರ್ಷದ ಯಾರ್ಕ್ ಮತ್ತು ಅವರಿಗಿಂತ ಮೂರು ವರ್ಷ ಹಿರಿಯರಾದ ರಸೆಲ್ ಲಾಟಪಿ ಇದ್ದರು. ಮುಂದಿನ ಅವಕಾಶಕ್ಕಾಗಿ ಇಬ್ಬರೂ ಹದಿನಾರು ವರ್ಷ ಕಾಯಬೇಕಾಯಿತು.

ಕ್ಲಬ್ ಆಟಗಾರರಾಗಿ

ಆಸ್ಟನ್ ವಿಲ್ಲಾ (1989–1998)

ಯಾರ್ಕ್ ಅವರು 1990ರ ಮಾರ್ಚ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಮೊದಲ ಪಂದ್ಯವಾಡಿದರು. ಆರಂಭದಲ್ಲಿ ಬದಿಯ ಆಟಗಾರರಾಗಿದ್ದ ಇವರು ಕ್ರಮೇಣ ಕೇಂದ್ರ ಮುನ್ಪಡೆಗೆ ಬಂದು ನೆಲೆಯೂರಿದರು. 1995ರ ಸೆಪ್ಟೆಂಬರ್‌ನಲ್ಲಿ ಕವೆಂಟ್ರಿ ಸಿಟಿ ವಿರುದ್ಧ ಪಂದ್ಯ ಆರಂಭವಾದ 13ನೇ ಸೆಕೆಂಡಿನಲ್ಲಿ ಗೋಲು ಗಳಿಸಿದರು. 1996ರ ಲೀಗ್ ಕಪ್ ಫೈನಲ್‌ನಲ್ಲಿ ವಿಲ್ಲಾ ತಂಡ ಲೀಡ್ಸ್ ಯುನೈಟೆಡನ್ನು 3–0ರಿಂದ ಸೋಲಿಸಿದಾಗ ಮೂರನೆಯ ಗೋಲು ಇವರದಾಗಿತ್ತು.

ಮ್ಯಾಂಚೆಸ್ಟರ್ ಯುನೈಟೆಡ್ (1998–2002)

1998ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 1 ಕೋಟಿ 26 ಲಕ್ಷ ಪೌಂಡ್ ತೆತ್ತು ಯಾರ್ಕ್ ಅವರನ್ನು ಪಡೆಯಿತು. ಅಲ್ಲಿಯವರೆಗೆ ಆ ಕ್ಲಬ್ ಒಬ್ಬ ಆಟಗಾರನಿಗೆ ಕೊಟ್ಟಿದ್ದ ಅತಿ ಹೆಚ್ಚಿನ ಮೊತ್ತ ಇದು. ಆ್ಯಂಡಿ ಕೋಲ್ ಅವರೊಂದಿಗೆ ಇವರ ಜೋಡಿ ಬೇಗನೆ ಕೂಡಿಬಂದಿತು. ನವೆಂಬರ್‌ನಲ್ಲಿ ಬಾರ್ಸಿಲೋನಾದ ಅಂಗಳದಲ್ಲಿ ನಡೆದ 3–3 ಸಮಬಲದ ಪಂದ್ಯದಲ್ಲಿ ಯುನೈಟೆಡ್‌ನ ಮೂರೂ ಗೋಲುಗಳನ್ನು ಈ ಜೋಡಿಯೇ ಗಳಿಸಿತು: ಯಾರ್ಕ್ ಎರಡು, ಕೋಲ್ ಒಂದು. ಇಬ್ಬರೂ ಚೆಂಡನ್ನು ಪರಸ್ಪರ ದಾಟಿಸುತ್ತಾ ಎದುರಾಳಿ ರಕ್ಷಣಾಪಡೆಯನ್ನು ಭೇದಿಸಿದ ಬಗೆ ಇಂದಿಗೂ ಉದಾಹರಣೆಯಾಗಿ ಉಲ್ಲೇಖಗೊಳ್ಳುತ್ತದೆ.

ಆ ಋತುವಿನ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ ತವರಿನ ಪಂದ್ಯದ ಎರಡೂ ಗೋಲುಗಳನ್ನು ಯಾರ್ಕ್ ತಲೆಯಿಂದ ಹೊಡೆದರು. ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ, ಟ್ಯೂರಿನ್ ನಗರದಲ್ಲಿ, ಯುವೆಂಟಸ್ ಎದುರು ಯುನೈಟೆಡ್ 0–2ರಿಂದ ಹಿಂದೆ ಬಿದ್ದಿತ್ತು. ರಾಯ್ ಕೀನ್ ಮೊದಲ ಗೋಲನ್ನೂ ಯಾರ್ಕ್ ಸಮಬಲದ ಗೋಲನ್ನೂ ಕೋಲ್ ಗೆಲುವಿನ ಗೋಲನ್ನೂ ಗಳಿಸಿ 3–2ರಿಂದ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. 1999ರ ಮೇ 26ರಂದು ಬಾರ್ಸಿಲೋನಾದಲ್ಲಿ ಬೇಯರ್ನ್ ಮ್ಯೂನಿಕ್ ತಂಡವನ್ನು 2–1ರಿಂದ ಸೋಲಿಸುವುದರೊಂದಿಗೆ ಪ್ರೀಮಿಯರ್ ಲೀಗ್, ಎಫ್.ಎ. ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರೂ ಒಂದೇ ಋತುವಿನಲ್ಲಿ ಯುನೈಟೆಡ್ ಪಾಲಾದವು. ಆ ವರ್ಷ ಲೀಗ್‌ನಲ್ಲಿ 18 ಗೋಲು ಗಳಿಸಿದ ಯಾರ್ಕ್, ಮೈಕಲ್ ಓವೆನ್ ಮತ್ತು ಜಿಮ್ಮಿ ಫ್ಲಾಯ್ಡ್ ಹ್ಯಾಸೆಲ್‌ಬೈಂಕ್ ಅವರೊಂದಿಗೆ ಅಗ್ರ ಗೋಲುಗಾರನ ಪ್ರಶಸ್ತಿಯನ್ನು ಹಂಚಿಕೊಂಡರು.

2000 ಮತ್ತು 2001ರಲ್ಲಿಯೂ ಲೀಗ್ ಪ್ರಶಸ್ತಿ ಯುನೈಟೆಡ್‌ಗೇ ಒಲಿಯಿತು. 2001ರ ಫೆಬ್ರವರಿಯಲ್ಲಿ ಆರ್ಸೆನಲ್ ವಿರುದ್ಧ 6–1ರ ಜಯದಲ್ಲಿ ಯಾರ್ಕ್ ಮೂರು ಗೋಲು ಹೊಡೆದರು. ಆ ಬೇಸಿಗೆಯಲ್ಲಿ ರೂಡ್ ವ್ಯಾನ್ ನಿಸ್ಟಲ್‌ರಾಯ್ ಬಂದ ಮೇಲೆ ಇವರಿಗೆ ಅವಕಾಶಗಳು ಕಡಿಮೆಯಾದವು.

ನಂತರದ ವರ್ಷಗಳು

2002ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ ಯಾರ್ಕ್ 2004ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಗೆ ಹೋದರು. ಅದೇ ವರ್ಷದ ನವೆಂಬರ್‌ನಲ್ಲಿ ತಮ್ಮ ಹಳೆಯ ಕ್ಲಬ್ಬಾದ ಬ್ಲ್ಯಾಕ್‌ಬರ್ನ್‌ನ ಅಂಗಳದಲ್ಲಿ ಆಡಲು ಸಿದ್ಧರಾಗುತ್ತಿದ್ದಾಗ ಪ್ರೇಕ್ಷಕರಿಂದ ಜನಾಂಗೀಯ ನಿಂದನೆಗೆ ಗುರಿಯಾದರು. ಈ ಪ್ರಕರಣ ನ್ಯಾಯಾಲಯದವರೆಗೂ ಹೋಯಿತು.

2005ರಲ್ಲಿ ಆಸ್ಟ್ರೇಲಿಯಾದಲ್ಲಿ ಎ–ಲೀಗ್ ಆರಂಭವಾದಾಗ ಯಾರ್ಕ್ ಸಿಡ್ನಿ ಎಫ್.ಸಿ. ಸೇರಿದರು. ಹೊಸ ಲೀಗಿಗೆ ಜನರನ್ನು ಸೆಳೆಯಲು ಪ್ರತಿ ಕ್ಲಬ್ಬಿಗೂ ವೇತನ ಮಿತಿಯ ಹೊರಗೆ ಒಬ್ಬ ಪ್ರಸಿದ್ಧ ಆಟಗಾರನನ್ನು ಹೊಂದುವ ಅವಕಾಶವಿತ್ತು. ಸಿಡ್ನಿಯ ಆ ಆಟಗಾರ ಇವರೇ. 2006ರ ಮಾರ್ಚ್ 5ರ ಮಹಾ ಫೈನಲ್‌ನಲ್ಲಿ ಸಿಡ್ನಿ ತಂಡ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್ ವಿರುದ್ಧ 1–0ರಿಂದ ಗೆದ್ದಿತು. ಆ ಪಂದ್ಯದ ಶ್ರೇಷ್ಠ ಆಟಗಾರನಿಗೆ ನೀಡುವ ಜೋ ಮಾರ್ಸ್ಟನ್ ಪದಕ ಯಾರ್ಕ್ ಅವರಿಗೆ ಸಂದಿತು. ಬಳಿಕ ಹಳೆಯ ಸಹ ಆಟಗಾರ ರಾಯ್ ಕೀನ್ ಅವರ ಕರೆಯಂತೆ ಸಂಡರ್‌ಲ್ಯಾಂಡ್ ಸೇರಿ, ಮಧ್ಯಪಡೆಯಲ್ಲಿ ಆಡಿ, 2007ರಲ್ಲಿ ಆ ತಂಡ ಪ್ರೀಮಿಯರ್ ಲೀಗಿಗೆ ಮರಳಲು ನೆರವಾದರು. ಪ್ರೀಮಿಯರ್ ಲೀಗ್‌ನಲ್ಲಿ ಇವರ ಒಟ್ಟು ಗೋಲುಗಳು 123. ಯುರೋಪಿನ ಹೊರಗಿನ ಆಟಗಾರರ ಪೈಕಿ ಇದು ಬಹುಕಾಲ ದಾಖಲೆಯಾಗಿದ್ದು, ಮುಂದೆ ಅರ್ಜೆಂಟೀನಾದ ಸೆರ್ಜಿಯೊ ಅಗ್ವೆರೊ ಅದನ್ನು ಮುರಿದರು.

2006ರ ವಿಶ್ವಕಪ್

2005ರ ನವೆಂಬರ್ 16ರಂದು ಮನಾಮಾದಲ್ಲಿ ಡೆನ್ನಿಸ್ ಲಾರೆನ್ಸ್ ಹೊಡೆದ ಗೋಲಿನಿಂದ ಬಹರೇನ್ ತಂಡವನ್ನು 1–0ರಿಂದ ಮಣಿಸಿ ಟ್ರಿನಿಡಾಡ್ ಮತ್ತು ಟೊಬೇಗೊ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಸುಮಾರು 13 ಲಕ್ಷ ಜನಸಂಖ್ಯೆಯ ಈ ದೇಶ, ವಿಶ್ವಕಪ್ ತಲುಪಿದ ರಾಷ್ಟ್ರಗಳಲ್ಲಿ ಆಗ ಅತ್ಯಂತ ಚಿಕ್ಕದಾಗಿತ್ತು. ಡಚ್ ತರಬೇತುದಾರ ಲಿಯೋ ಬೀನ್‌ಹಾಕರ್ ಅವರು ನಾಯಕ ಯಾರ್ಕ್ ಅವರನ್ನು ಮುನ್ಪಡೆಯಿಂದ ಹಿಂದಕ್ಕೆ ಸರಿಸಿ ಮಧ್ಯಪಡೆಯ ಹೊಣೆ ವಹಿಸಿದರು. ಗೋಲು ಗಳಿಸುವುದಕ್ಕಿಂತ ಆಟದ ಗತಿಯನ್ನು ನಿಯಂತ್ರಿಸುವುದು ಈಗ ಇವರ ಕೆಲಸವಾಯಿತು.

ಜೂನ್ 10ರಂದು ಡಾರ್ಟ್‌ಮಂಡ್‌ನಲ್ಲಿ ಸ್ವೀಡನ್ ವಿರುದ್ಧದ ಪಂದ್ಯದಲ್ಲಿ ದ್ವಿತೀಯಾರ್ಧದ ಆರಂಭದಲ್ಲಿಯೇ ಏವರಿ ಜಾನ್ ಅಂಗಳದಿಂದ ಹೊರಹಾಕಲ್ಪಟ್ಟರೂ ಉಳಿದ ಹತ್ತು ಮಂದಿ 0–0 ಸಮಬಲ ಸಾಧಿಸಿದರು. ಮುಂದೆ ಇಂಗ್ಲೆಂಡ್ ಮತ್ತು ಪರಾಗ್ವೆ ವಿರುದ್ಧ ತಲಾ 0–2ರಿಂದ ಸೋತು ತಂಡ ನಿರ್ಗಮಿಸಿತು. ಗೋಲೇ ಇಲ್ಲದೆ ಮರಳಿದರೂ ಆ ಒಂದು ಅಂಕ ದ್ವೀಪಗಳಲ್ಲಿ ಗೆಲುವಿನಂತೆಯೇ ಸ್ಮರಿಸಲ್ಪಡುತ್ತದೆ.

ತರಬೇತುದಾರರಾಗಿ

2009ರಲ್ಲಿ ರಸೆಲ್ ಲಾಟಪಿ ರಾಷ್ಟ್ರೀಯ ತಂಡದ ತರಬೇತುದಾರರಾದಾಗ ಯಾರ್ಕ್ ಅವರ ಸಹಾಯಕರಾದರು. ಅನಂತರ ಮುಖ್ಯ ತರಬೇತುದಾರರ ಹುದ್ದೆ ಇವರಿಗೆ ಸುಲಭವಾಗಿ ದೊರೆಯಲಿಲ್ಲ. ಆಸ್ಟನ್ ವಿಲ್ಲಾ 2016ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದಾಗ ಆ ಹುದ್ದೆಗೆ ಆಸಕ್ತಿ ತೋರಿದ್ದರೂ ಸಂದರ್ಶನಕ್ಕೂ ಕರೆ ಬರಲಿಲ್ಲವೆಂದು ಯಾರ್ಕ್ ಬಹಿರಂಗವಾಗಿ ಹೇಳಿದರು. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಕಪ್ಪು ಆಟಗಾರರು ಧಾರಾಳವಾಗಿದ್ದರೂ ಕಪ್ಪು ತರಬೇತುದಾರರು ಬೆರಳೆಣಿಕೆಯಷ್ಟಿರುವುದು ಏಕೆಂಬ ಪ್ರಶ್ನೆಯನ್ನು ಇವರು ಎತ್ತಿದರು. ಈ ಪ್ರಶ್ನೆ ಯಾರ್ಕ್ ಒಬ್ಬರದಲ್ಲ. ಇವರ ಪೀಳಿಗೆಯ ಹಲವು ಕಪ್ಪು ಆಟಗಾರರೂ ಇದನ್ನೇ ಕೇಳಿದ್ದಾರೆ.

ಅವಕಾಶ ಬಂದದ್ದು ಇಂಗ್ಲೆಂಡಿನಿಂದಲ್ಲ, ಆಸ್ಟ್ರೇಲಿಯಾದಿಂದ. 2022ರ ಜುಲೈನಲ್ಲಿ, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ಸಿಡ್ನಿಯ ನೈರುತ್ಯ ಭಾಗದ ಕ್ಯಾಂಬೆಲ್‌ಟೌನ್‌ನಲ್ಲಿ ನೆಲೆಗೊಂಡ ಮಕಾರ್ಥರ್ ಎಫ್.ಸಿ. ತಂಡದ ಹೊಣೆ ಹೊತ್ತರು. ಮೂರು ತಿಂಗಳೊಳಗೆ ಫಲ ಕಂಡಿತು. ಅಕ್ಟೋಬರ್ 1ರಂದು ನಡೆದ ಆಸ್ಟ್ರೇಲಿಯಾ ಕಪ್ ಫೈನಲ್‌ನಲ್ಲಿ ಸಿಡ್ನಿ ಯುನೈಟೆಡ್ 58 ತಂಡವನ್ನು 2–0ರಿಂದ ಸೋಲಿಸಿ ಮಕಾರ್ಥರ್ ತನ್ನ ಇತಿಹಾಸದ ಮೊದಲ ಪ್ರಶಸ್ತಿಯನ್ನು ಪಡೆಯಿತು. ಆದರೆ ಈ ನಂಟು ಬಹುಕಾಲ ಉಳಿಯಲಿಲ್ಲ. 2023ರ ಜನವರಿಯಲ್ಲಿ, ಋತುವಿನ ಮಧ್ಯದಲ್ಲಿಯೇ, ಯಾರ್ಕ್ ಕ್ಲಬ್ಬಿನಿಂದ ಬೇರ್ಪಟ್ಟರು.

2024ರ ನವೆಂಬರ್‌ನಲ್ಲಿ ಇವರನ್ನು ಟ್ರಿನಿಡಾಡ್ ಮತ್ತು ಟೊಬೇಗೊ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರನ್ನಾಗಿ ನೇಮಿಸಲಾಯಿತು. 2026ರ ವಿಶ್ವಕಪ್ ಅರ್ಹತಾ ಸ್ಪರ್ಧೆಯ ಅಂತಿಮ ಹಂತದಲ್ಲಿ ತಂಡ ಜಮೈಕಾ, ಕ್ಯುರಸಾವ್ ಮತ್ತು ಬರ್ಮುಡಾ ಇದ್ದ ಗುಂಪಿನಲ್ಲಿತ್ತು. ಗುಂಪಿನಿಂದ ನೇರ ಅರ್ಹತೆ ಕ್ಯುರಸಾವ್‌ಗೆ ದಕ್ಕಿತು. 2006ರಲ್ಲಿ ಯಾರ್ಕ್ ಅವರ ತಂಡಕ್ಕಿದ್ದ ‘ವಿಶ್ವಕಪ್ ತಲುಪಿದ ಅತಿ ಚಿಕ್ಕ ರಾಷ್ಟ್ರ’ ಎಂಬ ಹಿರಿಮೆ 2018ರಲ್ಲಿ ಐಸ್‌ಲ್ಯಾಂಡ್‌ಗೆ ಸಂದು, ಈಗ ಕೆರಿಬಿಯನ್ನಿನ ಮತ್ತೊಂದು ದ್ವೀಪಕ್ಕೆ ಮರಳಿದೆ.

ಗೌರವ ಮತ್ತು ಕೃತಿ

2001ರ ಹದಿನೇಳು ವರ್ಷದೊಳಗಿನವರ ವಿಶ್ವ ಫುಟ್‌ಬಾಲ್ ಸ್ಪರ್ಧೆಗಾಗಿ ಟೊಬೇಗೊದ ಬ್ಯಾಕೊಲೆಟ್‌ನಲ್ಲಿ ನಿರ್ಮಿಸಿದ ಕ್ರೀಡಾಂಗಣಕ್ಕೆ ಡ್ವೈಟ್ ಯಾರ್ಕ್ ಕ್ರೀಡಾಂಗಣವೆಂದು ಹೆಸರಿಡಲಾಗಿದೆ. ಇವರ ಆತ್ಮಕಥೆ ‘ಬಾರ್ನ್ ಟು ಸ್ಕೋರ್’ 2009ರಲ್ಲಿ ಪ್ರಕಟವಾಯಿತು.

ಪ್ರಮುಖ ಪ್ರಶಸ್ತಿಗಳು

ಆಟಗಾರರಾಗಿ
• ಲೀಗ್ ಕಪ್: 1996 (ಆಸ್ಟನ್ ವಿಲ್ಲಾ)
• ಪ್ರೀಮಿಯರ್ ಲೀಗ್: 1999, 2000, 2001 (ಮ್ಯಾಂಚೆಸ್ಟರ್ ಯುನೈಟೆಡ್)
• ಎಫ್.ಎ. ಕಪ್ ಮತ್ತು ಚಾಂಪಿಯನ್ಸ್ ಲೀಗ್: 1999 (ಮ್ಯಾಂಚೆಸ್ಟರ್ ಯುನೈಟೆಡ್)
• ಎ–ಲೀಗ್: 2006 (ಸಿಡ್ನಿ ಎಫ್.ಸಿ.)
• ಚಾಂಪಿಯನ್‌ಶಿಪ್: 2007 (ಸಂಡರ್‌ಲ್ಯಾಂಡ್)

ತರಬೇತುದಾರರಾಗಿ
• ಆಸ್ಟ್ರೇಲಿಯಾ ಕಪ್: 2022 (ಮಕಾರ್ಥರ್ ಎಫ್.ಸಿ.)