ಸ್ಟೋ ಕಾಲೇಜಿನ ಸಾವಿರ ಪ್ಲೇಟುಗಳು

1996ರ ಜೂನ್ ತಿಂಗಳಲ್ಲಿ ಗ್ಲಾಸ್ಗೋ ನಗರದ ಸ್ಟೋ ಕಾಲೇಜಿನ ಒಂದು ಕ್ಲಾಸು ತನ್ನ ವರ್ಷದ ಪ್ರಾಜೆಕ್ಟನ್ನು ಮುಗಿಸಿ ಲೋಕದ ಮುಂದಿಟ್ಟಿತು. ಅದು ವರದಿಯಲ್ಲ, ಮಾಡೆಲ್ಲೂ ಅಲ್ಲ, ಒಂದು ಗ್ರಾಮಫೋನ್ ಪ್ಲೇಟು. ಹತ್ತು ಹಾಡು, ಸಾವಿರ ಪ್ರತಿ. ಅಂಗಡಿಗಳೆಲ್ಲ ಸಿ.ಡಿ.ಗೆ ಹೊರಳಿಕೊಂಡಿದ್ದ ಕಾಲದಲ್ಲಿ ಅದು ಎಲ್‌ಪಿಯಾಗಿ ಮಾತ್ರ ಬಂತು. ಆಲ್ಬಮ್ಮಿನ ಹೆಸರು ‘ಟೈಗರ್‌ಮಿಲ್ಕ್’, ಹಾಡಿದ ತಂಡ ಬೆಲ್ ಆ್ಯಂಡ್ ಸೆಬಾಸ್ಟಿಯನ್.

ನಾನು ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟುಗಳ ನಡುವೆಯೇ ನನ್ನ ಬೇಸಿಗೆಗಳು ಕಳೆದಿವೆ. ಕಪ್ಪು ರೆಕ್ಸಿನ್ ಬೈಂಡು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ, ವೈವಾ ಮುಗಿದ ಮಾರನೆಯ ದಿನ ಬೀರುವಿನೊಳಗೆ ಜಾಗ. ಆ ಬೀರುವಿನಲ್ಲಿ ಎಷ್ಟು ಬುದ್ಧಿ, ಎಷ್ಟು ಆಸೆ ಮಲಗಿರುತ್ತದೆಂದು ನನಗೆ ಗೊತ್ತು. ಆದ್ದರಿಂದ ಈ ಆಲ್ಬಮ್ಮನ್ನು ಅದರ ಮಟ್ಟುಗಳಿಗಾಗಿ ಪ್ರೀತಿಸುವಷ್ಟೇ, ಅದನ್ನು ಆಗಗೊಟ್ಟ ಊರಿಗಾಗಿ, ಕಾಲೇಜಿಗಾಗಿ, ಅಲ್ಲಿನ ಮೇಷ್ಟರಿಗಾಗಿ ಪ್ರೀತಿಸುತ್ತೇನೆ.

ಗ್ಲಾಸ್ಗೋ ಹಡಗು ಕಟ್ಟುವವರ ಊರು. ಕ್ಲೈಡ್ ನದಿಯ ದಂಡೆಯಲ್ಲಿ ಹಡಗು, ಊರಿನ ಉತ್ತರಕ್ಕೆ ಸ್ಪ್ರಿಂಗ್‌ಬರ್ನ್‌ನಲ್ಲಿ ರೈಲು ಇಂಜಿನ್ನು. ಭಾರತದ ರೈಲ್ವೆಗಳಿಗೂ ಅಲ್ಲಿಂದ ಉಗಿ ಇಂಜಿನ್ನುಗಳು ಬಂದಿವೆ. ಈ ಕಸುಬುಗಳಿಗೆ ಕೈ ತಯಾರು ಮಾಡಲೆಂದೇ 1934ರಲ್ಲಿ ಸ್ಟೋ ಕಾಲೇಜು ಶುರುವಾಯಿತು. ಅದಕ್ಕಿಟ್ಟ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಊರಿನಲ್ಲಿ ಶಿಕ್ಷಕರ ತರಬೇತಿಗೆ ದಾರಿ ಹಾಕಿದ ಡೇವಿಡ್ ಸ್ಟೋ ಅವರದು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂಜಿನ್ನು ಕಟ್ಟುತ್ತಿದ್ದ ನಾರ್ತ್ ಬ್ರಿಟಿಷ್ ಕಂಪನಿ 1962ರಲ್ಲೇ ಮುಳುಗಿತು. ಎಂಬತ್ತರ ದಶಕಕ್ಕೆ ಬರುವ ಹೊತ್ತಿಗೆ ಗ್ಲಾಸ್ಗೋದ ಹುಡುಗರಿಗೆ ಅಪ್ಪನ ಕಸುಬು ಸಿಗುತ್ತಿರಲಿಲ್ಲ, ನಿರುದ್ಯೋಗ ಭತ್ಯೆ ಸಿಗುತ್ತಿತ್ತು. ಜೊತೆಗೆ ಬೇಡವೆಂದರೂ ಪುರುಸೊತ್ತು.

ಆ ಪುರುಸೊತ್ತಿನಲ್ಲಿ ಸಂಗೀತ ಹುಟ್ಟಿತು. 1980ರಲ್ಲಿ ಅಲನ್ ಹಾರ್ನ್ ಎಂಬ ಯುವಕ ವೆಸ್ಟ್ ಪ್ರಿನ್ಸೆಸ್ ಸ್ಟ್ರೀಟಿನ ತನ್ನ ಬಾಡಿಗೆ ಮನೆಯಿಂದಲೇ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್ ನಡೆಸಿದ. ಆರೆಂಜ್ ಜ್ಯೂಸ್, ಅಜ್ಟೆಕ್ ಕ್ಯಾಮೆರಾ, ಜೋಸೆಫ್ ಕೆ ತಂಡಗಳ ಸಣ್ಣ ಪ್ಲೇಟುಗಳನ್ನು ಅಲ್ಲಿಂದ ಹೊರಡಿಸಿದ. ಲಂಡನ್ನಿಗೆ ಹೋಗಿ ಯಾರ ಕಾಲಿಗೂ ಬೀಳದೆ, ಇದ್ದ ಊರಿನಲ್ಲೇ, ಇದ್ದ ಕೋಣೆಯಲ್ಲೇ ರೆಕಾರ್ಡು ಮಾಡಬಹುದೆಂದು ಗ್ಲಾಸ್ಗೋ ಆಗ ಕಲಿಯಿತು. ಪೋಸ್ಟ್‌ಕಾರ್ಡ್ ಬೇಗನೆ ನಿಂತಿತು, ಆದರೆ ಆ ಧೈರ್ಯ ನಿಲ್ಲಲಿಲ್ಲ. ದಿ ಪ್ಯಾಸ್ಟೆಲ್ಸ್ ಬಂತು. ಪಕ್ಕದ ಬೆಲ್‌ಶಿಲ್ ಎಂಬ ಸಣ್ಣ ಊರಿನಿಂದ ಬಿಎಂಎಕ್ಸ್ ಬ್ಯಾಂಡಿಟ್ಸ್, ಟೀನೇಜ್ ಫ್ಯಾನ್‌ಕ್ಲಬ್ ಬಂದವು. ಟೀನೇಜ್ ಫ್ಯಾನ್‌ಕ್ಲಬ್‌ನ ‘ಬ್ಯಾಂಡ್‌ವ್ಯಾಗನೆಸ್ಕ್’ ಆಲ್ಬಮ್ಮನ್ನು ಅಮೆರಿಕದ ‘ಸ್ಪಿನ್’ ಪತ್ರಿಕೆ 1991ರ ವರ್ಷದ ಆಲ್ಬಂ ಎಂದು ಆರಿಸಿತು. ಅದೇ ವರ್ಷ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದಿತ್ತೆಂದು ನೆನೆದರೆ ಆ ಆಯ್ಕೆಯ ತೂಕ ತಿಳಿಯುತ್ತದೆ.

ಸರ್ಕಾರದ ದುಡ್ಡಿಗೂ ಇದರಲ್ಲಿ ಪಾಲಿದೆ, ಅದನ್ನು ಮರೆಯಬಾರದು. ಥ್ಯಾಚರ್ ಕಾಲದ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳು ಸ್ವಂತ ಕೆಲಸ ಶುರುಮಾಡಿದರೆ ವಾರಕ್ಕೆ 40 ಪೌಂಡ್ ಕೊಡುವ ಯೋಜನೆಯೊಂದಿತ್ತು. ನಿರುದ್ಯೋಗದ ಅಂಕಿ ಇಳಿಸುವುದು ಅದರ ಲೆಕ್ಕಾಚಾರವಾಗಿದ್ದರೂ, ಬಟ್ಟೆ ಹೊಲಿಯುವವರು, ಚಿತ್ರ ಬರೆಯುವವರು, ಗಿಟಾರ್ ನುಡಿಸುವವರು ಅದರಿಂದ ಉಸಿರಾಡಿದರು. ತೊಂಬತ್ತರ ದಶಕದಲ್ಲಿ ಗ್ಲಾಸ್ಗೋದಲ್ಲಿ ಬೀಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಕೆಲಸವಿಲ್ಲದ ಸಂಗೀತಗಾರರಿಗೆಂದೇ ಒಂದು ತರಬೇತಿ ನಡೆಯುತ್ತಿತ್ತು. 1995ರಲ್ಲಿ ಅಲ್ಲಿ ಇಬ್ಬರು ಸ್ಟುವರ್ಟ್‌ಗಳು ಭೇಟಿಯಾದರು: ಸ್ಟುವರ್ಟ್ ಮರ್ಡಾಕ್, ಸ್ಟುವರ್ಟ್ ಡೇವಿಡ್.

ಮರ್ಡಾಕ್ ಹುಟ್ಟಿದ್ದು 1968ರಲ್ಲಿ, ಸಮುದ್ರ ತೀರದ ಏರ್ ಎಂಬ ಊರಿನಲ್ಲಿ. ಗ್ಲಾಸ್ಗೋಗೆ ಓದಲು ಬಂದ, ಓಡುತ್ತಿದ್ದ, ಬಾಕ್ಸಿಂಗ್ ಮಾಡುತ್ತಿದ್ದ. ಎಂಬತ್ತರ ದಶಕದ ಕೊನೆಗೆ ಮೈಯ ಕಸುವನ್ನೆಲ್ಲ ಹೀರುವ ದೀರ್ಘ ಆಯಾಸದ ಕಾಯಿಲೆ ಅವನನ್ನು ಹಿಡಿಯಿತು. ಸುಮಾರು ಏಳು ವರ್ಷ. ನೌಕರಿ ಸಾಧ್ಯವಿಲ್ಲ, ಓದು ಸಾಧ್ಯವಿಲ್ಲ. ಹೊರಗೆ ಹೋದರೆ ಬಸ್ಸಿನಲ್ಲಿ ಕೂತು ಊರು ನೋಡಬಹುದು. ಆ ವರ್ಷಗಳಲ್ಲೇ ಅವನು ಹಾಡು ಕಟ್ಟುವುದನ್ನು ಕಲಿತ. ಸ್ವಲ್ಪ ಚೇತರಿಸಿಕೊಂಡ ಮೇಲೆ ಹೈಂಡ್‌ಲ್ಯಾಂಡ್ ಬಡಾವಣೆಯ ಚರ್ಚಿನ ಸಭಾಂಗಣಕ್ಕೆ ಕಾವಲುಗಾರನಾಗಿ ಸೇರಿ, ಅದರ ಮೇಲಿನ ಮನೆಯಲ್ಲಿ ವಾಸವಾದ. ಕುರ್ಚಿ ಜೋಡಿಸುವುದು, ಬಾಗಿಲು ತೆಗೆಯುವುದು, ಬೀಗ ಹಾಕುವುದು. ಉಳಿದ ಹೊತ್ತು ಆ ದೊಡ್ಡ ಕೋಣೆ ಹಾಡಿಗೆ ಬಿಡುವಾಗಿತ್ತು.

ಗ್ಲಾಸ್ಗೋದಲ್ಲಿ ತಂಗಿಯ ಮನೆಯಲ್ಲಿ ಉಳಿದಿದ್ದಾಗ ನಾನು ಆ ಚರ್ಚನ್ನು ಹುಡುಕಿಕೊಂಡು ಹೋಗಿದ್ದೆ. ಕೆಂಪು ಮರಳುಗಲ್ಲಿನ ಕಟ್ಟಡ, ಸುತ್ತ ಅದೇ ಕಲ್ಲಿನ ಸಾಲುಮನೆಗಳು. ಅಲ್ಲಿಂದ ನಡೆದುಕೊಂಡೇ ಬೈರ್ಸ್ ರೋಡಿಗೆ ಬಂದರೆ ಹಿಲ್‌ಹೆಡ್ ಸ್ಟೇಷನ್ನು. 1896ರಲ್ಲಿ ಶುರುವಾದ ಗ್ಲಾಸ್ಗೋದ ನೆಲದಡಿ ರೈಲು ಊರಿನ ಕೆಳಗೆ ಒಂದೇ ವೃತ್ತದಲ್ಲಿ ಸುತ್ತುತ್ತದೆ, ಹದಿನೈದು ಸ್ಟೇಷನ್ನು ದಾಟಿ ಹತ್ತಿದಲ್ಲಿಗೇ ಬರುತ್ತದೆ. ‘ಟೈಗರ್‌ಮಿಲ್ಕ್’ ಹೊದಿಕೆಯ ಮೇಲೆ ಮರ್ಡಾಕ್ ಬರೆದ ಪುಟ್ಟ ಕಥೆಯಲ್ಲಿ ಸೆಬಾಸ್ಟಿಯನ್ ಎಂಬ ಹುಡುಗ ಇಸಾಬೆಲ್ ಎಂಬ ಹುಡುಗಿಯನ್ನು ಕಾಣುವುದು ಇದೇ ಸ್ಟೇಷನ್ನಿನ ಹೊರಗೆ. ತಂಡದ ಹೆಸರು ಫ್ರೆಂಚ್ ಲೇಖಕಿ ಸೆಸಿಲ್ ಓಬ್ರಿಯವರ ಮಕ್ಕಳ ಕಥೆಯಿಂದ ಬಂದದ್ದು, ಅಲ್ಲಿ ಬೆಲ್ ಎಂಬುದು ನಾಯಿ. ಮರ್ಡಾಕ್ ಆ ಹೆಸರುಗಳನ್ನು ತಂದು ತನ್ನ ಬೀದಿಯಲ್ಲಿ ನಿಲ್ಲಿಸಿದ. ನಾನೂ ಆ ಸ್ಟೇಷನ್ನಿನ ಮುಂದೆ ತುಸು ಹೊತ್ತು ನಿಂತೆ. ಪುಸ್ತಕದ ಚೀಲ ಹೊತ್ತ ಹುಡುಗ ಹುಡುಗಿಯರು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಈ ಹಾಡುಗಳಲ್ಲಿ ಬರುವವರೆಲ್ಲ ಅವರೇ: ಸ್ಕೂಲಿನಲ್ಲಿ ಯಾರಿಗೂ ಬೇಡವಾದವರು, ಓದುತ್ತ ಕನಸು ಕಾಣುವವರು, ಬೆಳಗಾಗುವುದನ್ನು ಒಲ್ಲದವರು.

ಇನ್ನು ಕಾಲೇಜು. ಸ್ಟೋದಲ್ಲಿ ಸಂಗೀತ ವ್ಯಾಪಾರದ ಕೋರ್ಸು ಶುರುವಾಗಿತ್ತು. ಪಾಠದ ಭಾಗವಾಗಿ 1992ರಿಂದ ಎಲೆಕ್ಟ್ರಿಕ್ ಹನಿ ಎಂಬ ರೆಕಾರ್ಡ್ ಕಂಪನಿಯನ್ನು ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ವರ್ಷಕ್ಕೊಂದು ತಂಡವನ್ನು ಆರಿಸಿ, ರೆಕಾರ್ಡು ಮಾಡಿಸಿ, ಹೊದಿಕೆ ಮುದ್ರಿಸಿ, ಅಂಗಡಿಗೆ ಮುಟ್ಟಿಸಿ, ಪತ್ರಿಕೆಗೂ ರೇಡಿಯೋಗೂ ಕಳಿಸುವುದು. ಪಾಠ ಹೇಳುತ್ತಿದ್ದವರಲ್ಲಿ ಅಲನ್ ರ‍್ಯಾಂಕಿನ್ ಒಬ್ಬರು. ದಿ ಅಸೋಸಿಯೇಟ್ಸ್ ತಂಡದಲ್ಲಿ ಬಿಲಿ ಮೆಕೆಂಜಿ ಜೊತೆ ಸಂಗೀತ ಕಟ್ಟಿ, 1982ರಲ್ಲಿ ಬ್ರಿಟನ್ನಿನ ಮೊದಲ ಹತ್ತು ಹಾಡುಗಳ ಪಟ್ಟಿಗೆ ಏರಿದ್ದವರು. ಏರಿದ್ದೂ ಗೊತ್ತು, ಆ ಉದ್ಯಮ ಮನುಷ್ಯರನ್ನು ಹೇಗೆ ಬಳಸಿ ಬಿಡುತ್ತದೆಂಬುದೂ ಗೊತ್ತು. ಅಂಥವರು ಕ್ಲಾಸಿಗೆ ಬಂದು ಪಾಠ ಹೇಳಿದರೆ ಸಿಲಬಸ್ಸಿನ ಹೊರಗಿನದೆಲ್ಲ ಮಕ್ಕಳಿಗೆ ದಕ್ಕುತ್ತದೆ. ನಮ್ಮ ವರ್ಕ್‌ಶಾಪಿನಲ್ಲೂ ಕಾರ್ಖಾನೆಯಲ್ಲಿ ದುಡಿದು ಬಂದ ಇನ್‌ಸ್ಟ್ರಕ್ಟರುಗಳಿಂದ ಮಕ್ಕಳು ಕಲಿಯುವುದೇ ಬೇರೆ.

ಎಲೆಕ್ಟ್ರಿಕ್ ಹನಿ ಸಾಮಾನ್ಯವಾಗಿ ಹೊರತರುತ್ತಿದ್ದದ್ದು ಒಂದೆರಡು ಹಾಡಿನ ಸಣ್ಣ ಪ್ಲೇಟು. ಇಬ್ಬರು ಸ್ಟುವರ್ಟ್‌ಗಳ ಡೆಮೊ ಆ ಕ್ಲಾಸಿಗೆ ತಲುಪಿದಾಗ ಮರ್ಡಾಕ್ ಬಳಿ ಹಾಡುಗಳ ಕಟ್ಟೇ ಇತ್ತು. ಪೂರ್ತಿ ಆಲ್ಬಮ್ಮನ್ನೇ ಮಾಡಲು ಒಪ್ಪಿಗೆ ಸಿಕ್ಕಿತು. ನಿಯಮ ಹಿಡಿದು ಕೂರದೆ ಆ ಒಪ್ಪಿಗೆ ಕೊಟ್ಟ ಗಳಿಗೆಯನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ. ಅದೇ ಕೋರ್ಸಿನ ವಿದ್ಯಾರ್ಥಿ ರಿಚರ್ಡ್ ಕೋಲ್ಬರ್ನ್ ಡ್ರಮ್ಮಿಗೆ ಕೂತ. ಗಿಟಾರಿಗೆ ಸ್ಟೀವಿ ಜಾಕ್ಸನ್, ಕೀಬೋರ್ಡಿಗೆ ಕ್ರಿಸ್ ಗೆಡ್ಡಿಸ್, ಚೆಲ್ಲೋಗೆ ಇಸೊಬೆಲ್ ಕ್ಯಾಂಪ್‌ಬೆಲ್, ಬಾಸ್ ಗಿಟಾರಿಗೆ ಡೇವಿಡ್. ತಂಡ ಪೂರ್ತಿ ಕೂಡಿಬಂದು ವರ್ಷವೂ ಆಗಿರಲಿಲ್ಲ. ಹಿಂದೊಮ್ಮೆ ಚರ್ಚಾಗಿದ್ದ ಕಟ್ಟಡದಲ್ಲಿದ್ದ ಕಾವಾ ಸ್ಟುಡಿಯೋದಲ್ಲಿ ಮೂರು ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು.

ಮೂರು ದಿನದ ಕೆಲಸವೆಂದು ಕೇಳಿದರೆ ಗೊತ್ತಾಗುತ್ತದೆ, ನನಗೆ ಅದೇ ಇಷ್ಟ. ‘ದಿ ಸ್ಟೇಟ್ ಐ ಆ್ಯಮ್ ಇನ್’ ಎಂಬ ಮೊದಲ ಹಾಡು ಒಂಟಿ ದನಿ ಮತ್ತು ಒಂದು ಗಿಟಾರಿನಿಂದ ತೊಡಗುತ್ತದೆ. ಮರ್ಡಾಕನ ದನಿ ದೊಡ್ಡದಲ್ಲ, ತಾರಕ್ಕೆ ಹೋದರೆ ತೆಳುವಾಗುತ್ತದೆ, ಕೂಗುವ ಹಟ ಅದಕ್ಕಿಲ್ಲ. ಮೊದಲ ಸಾಲುಗಳು ಹಾಗೇ ಬರಿದಾಗಿ ಸಾಗುತ್ತವೆ. ಆಮೇಲೆ ಒಬ್ಬೊಬ್ಬರೇ ಬಂದು ಕೂಡುತ್ತಾರೆ. ಮಟ್ಟು ಅದೇ, ಅದರ ಸುತ್ತ ಕೂತವರು ಹೆಚ್ಚುತ್ತ ಹೋಗುತ್ತಾರೆ. ಹಾಡು ಮುಗಿಯುವಾಗ ನೀವು ಒಂದು ತುಂಬಿದ ಮನೆಯಲ್ಲಿ ಇರುತ್ತೀರಿ, ಯಾವಾಗ ತುಂಬಿತೆಂದು ಹೇಳಲಾರಿರಿ.

ಭಾವಗೀತೆ ಕೇಳಿ ಬೆಳೆದ ಕಿವಿ ನನ್ನದು, ಚಿಕ್ಕಂದಿನಲ್ಲಿ ವೀಣೆಯನ್ನೂ ಕಲಿತೆ. ಮಾತು ಸ್ಪಷ್ಟವಾಗಿ ಕೇಳಬೇಕು, ರಾಗ ಅದನ್ನು ನುಂಗಬಾರದು ಎಂಬ ಶಿಸ್ತು ಇಲ್ಲೂ ಇದೆ, ಹಾಗಾಗಿ ಪರಕೀಯವೆನಿಸಲೇ ಇಲ್ಲ. ಮರ್ಡಾಕನ ಚರಣಗಳು ಮಾತಿನ ಲಯಕ್ಕೆ ತೀರ ಹತ್ತಿರ ನಡೆಯುತ್ತವೆ. ಎಷ್ಟೋ ಕಡೆ ಎದೆಗೆ ತಟ್ಟುವ ಪಲ್ಲವಿಯೇ ಇಲ್ಲ, ಚರಣದ ಮೇಲೆ ಚರಣ ಬಂದು ಕಥೆ ಮುಂದೆ ಹೋಗುತ್ತದೆ. ನಮ್ಮ ಸಂಗೀತದಲ್ಲಿ ನನಗೆ ಸಿಗದಿದ್ದ ಒಂದು ಸುಖವನ್ನು ಇವು ಕಲಿಸಿದವು. ನಮ್ಮಲ್ಲಿ ಶ್ರುತಿ ಕದಲುವುದಿಲ್ಲ, ಷಡ್ಜ ಕೆಳಗೆ ನಿಂತೇ ಇರುತ್ತದೆ, ಸ್ವರ ಅದರ ಮೇಲೆ ಓಡಾಡುತ್ತದೆ. ಇಲ್ಲಿ ದನಿ ಒಂದೇ ಸ್ವರವನ್ನು ಹಿಡಿದು ನಿಂತಾಗ ಅದರಡಿಯ ಕಾರ್ಡು ಬದಲಾಗುತ್ತದೆ, ಕೂಡಲೇ ಅದೇ ಸ್ವರದ ಮುಖಭಾವ ಬದಲಾಗುತ್ತದೆ. ಸಂತೋಷದ ಮಾತೊಂದು ಅರ್ಧದಲ್ಲಿ ಸಣ್ಣಗೆ ನೊಂದುಕೊಂಡಂತೆ ಕೇಳುವುದು ಹೀಗೆ. ಈ ಆಲ್ಬಮ್ಮಿನ ಉದ್ದಕ್ಕೂ ಅದು ನಡೆಯುತ್ತಲೇ ಇರುತ್ತದೆ.

‘ಎಕ್ಸ್‌ಪೆಕ್ಟೇಶನ್ಸ್’ ಸ್ಕೂಲಿನಲ್ಲಿ ಅವಮಾನ ಉಂಡ ಹುಡುಗಿಯೊಬ್ಬಳ ಹಾಡು. ಗಿಟಾರು ಬಿರುಸಾಗಿ ಓಡುತ್ತದೆ, ಕೊನೆಗೆ ಮಿಕ್ ಕುಕ್ ಊದುವ ಟ್ರಂಪೆಟ್ಟು ಬಂದು ಅವಳ ಪರವಾಗಿ ನಿಲ್ಲುತ್ತದೆ. ಮಾತು ಹೇಳಲಾಗದ್ದನ್ನು ತುತ್ತೂರಿ ಹೇಳುವ ಆ ಜಾಗವನ್ನು ನಾನು ಎಷ್ಟು ಸಲ ಕೇಳಿದರೂ ದಣಿದಿಲ್ಲ. ‘ವಿ ರೂಲ್ ದಿ ಸ್ಕೂಲ್’ ಪಿಯಾನೋದ ಮೇಲೆ ನಿಧಾನಕ್ಕೆ ಹೆಜ್ಜೆಯಿಡುತ್ತದೆ. ‘ಐ ಕುಡ್ ಬಿ ಡ್ರೀಮಿಂಗ್’ ಕೊನೆಯಲ್ಲಿ ವಾದ್ಯಗಳ ಗದ್ದಲದ ನಡುವೆ ಕ್ಯಾಂಪ್‌ಬೆಲ್ ‘ರಿಪ್ ವ್ಯಾನ್ ವಿಂಕಲ್’ ಕಥೆಯ ಭಾಗವನ್ನು ಓದುತ್ತಾಳೆ. ಇಪ್ಪತ್ತು ವರ್ಷ ಮಲಗಿ ಎದ್ದವನ ಆ ಕಥೆ ಏಳು ವರ್ಷ ಕಾಯಿಲೆಯಲ್ಲಿ ಕಳೆದವನ ಆಲ್ಬಮ್ಮಿಗೆ ಬಂದು ಸೇರಿದ್ದನ್ನು ನಾನು ಆಕಸ್ಮಿಕವೆಂದು ನಂಬಲಾರೆ. ನಡುವೆ ‘ಎಲೆಕ್ಟ್ರಾನಿಕ್ ರಿನೇಸಾನ್ಸ್’ ಮಾತ್ರ ಸಿಂಥಸೈಜರಿನದು, ದನಿ ಹಳೆಯ ಟೆಲಿಫೋನಿನಿಂದ ಬಂದಂತೆ. ಬಹಳ ಕೇಳುಗರಿಗೆ ಅದು ಪಂಕ್ತಿಯಲ್ಲಿ ಕೂರದ ಹಾಡು. ನನಗದು ಬೇಕು. ಕೋಣೆಯಲ್ಲಿ ಒಬ್ಬನೇ ಕೂತು ಯಂತ್ರದ ಗುಂಡಿ ಒತ್ತಿ ಕಲಿತವನ ಕುತೂಹಲ ಅಲ್ಲಿ ಹಸಿಯಾಗಿ ಉಳಿದಿದೆ.

ಅದೇ 1996ರ ನವೆಂಬರಿನಲ್ಲಿ ಲಂಡನ್ನಿನ ಜೀಪ್‌ಸ್ಟರ್ ಕಂಪನಿ ಅವರ ಎರಡನೆಯ ಆಲ್ಬಂ ‘ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್’ ತಂದಿತು. ವಿಮರ್ಶಕರಲ್ಲಿ ಹೆಚ್ಚಿನವರಿಗೆ ಅದೇ ದೊಡ್ಡದು. ಹೆಣಿಗೆ ಅಲ್ಲಿ ಬಿಗಿ ಎಂಬುದನ್ನು ಒಪ್ಪುತ್ತೇನೆ. ಆದರೂ ನನ್ನ ಮತ ‘ಟೈಗರ್‌ಮಿಲ್ಕ್’ಗೆ. ಒಬ್ಬರನ್ನೊಬ್ಬರು ಇನ್ನೂ ಅರಿಯುತ್ತಿರುವ ಏಳೆಂಟು ಜನ ಪರಸ್ಪರ ಕಿವಿಗೊಟ್ಟು ನುಡಿಸುವಾಗಿನ ಎಚ್ಚರ ಮೊದಲ ಸಲ ಮಾತ್ರ ಸಿಗುವಂಥದು.

ಆ ಬೇಸಿಗೆ ಬ್ರಿಟನ್ ಬೇರೆಯದನ್ನೇ ಕೇಳುತ್ತಿತ್ತು. ಆಗಸ್ಟಿನಲ್ಲಿ ನೆಬ್‌ವರ್ತ್ ಮೈದಾನದಲ್ಲಿ ಓಯಸಿಸ್ ತಂಡದ ಎರಡು ರಾತ್ರಿಗಳಿಗೆ ಎರಡೂವರೆ ಲಕ್ಷ ಜನ ಸೇರಿದರು. ಸಾವಿರ ಪ್ಲೇಟುಗಳ ಗ್ಲಾಸ್ಗೋ ತಂಡ ಪತ್ರಿಕೆಗಳಿಗೆ ಫೋಟೋ ಕೊಡಲೂ ಹಿಂಜರಿಯುತ್ತಿತ್ತು. ಹೊದಿಕೆಯ ಮೇಲೂ ತಂಡದವರ ಗುಂಪುಚಿತ್ರವಿಲ್ಲ, ಬೊಂಬೆ ಹುಲಿಗೆ ಮೊಲೆಯೂಡಿಸುತ್ತಿರುವ ಹೆಣ್ಣೊಬ್ಬಳ ಒಂದೇ ಛಾಯೆಯ ಚಿತ್ರ. ಪ್ಲೇಟು ಸಿಗದವರು ಸಿಕ್ಕವರಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಂಡರು, ಆ ಕ್ಯಾಸೆಟ್ಟಿನಿಂದ ಇನ್ನೊಂದು ಕ್ಯಾಸೆಟ್ಟು. ಮೂಲ ಪ್ರತಿಗಳ ಬೆಲೆ ನೂರಾರು ಪೌಂಡಿಗೆ ಏರಿತು. 1999ರ ಫೆಬ್ರವರಿಯಲ್ಲಿ ರೇಡಿಯೋ ಕೇಳುಗರ ಮತದಿಂದ ಅವರಿಗೆ ಹೊಸ ತಂಡಕ್ಕೆ ಕೊಡುವ ಬ್ರಿಟ್ ಪ್ರಶಸ್ತಿ ಬಂದಾಗ ದೊಡ್ಡ ಕಂಪನಿಗಳ ಕಡೆಯವರು ಹುಬ್ಬೇರಿಸಿದರು. ಅದೇ ವರ್ಷ ಜೀಪ್‌ಸ್ಟರ್ ‘ಟೈಗರ್‌ಮಿಲ್ಕ್’ ಅನ್ನು ಮತ್ತೆ ಮುದ್ರಿಸಿತು, ಎಲ್ಲರಿಗೂ ಸಿಕ್ಕಿತು.

ಸ್ಟೋ ಕಾಲೇಜು 2013ರಲ್ಲಿ ಬೇರೆರಡು ಕಾಲೇಜುಗಳ ಜೊತೆ ಸೇರಿ ಗ್ಲಾಸ್ಗೋ ಕೆಲ್ವಿನ್ ಕಾಲೇಜಾಯಿತು. ರ‍್ಯಾಂಕಿನ್ 2023ರ ಜನವರಿಯಲ್ಲಿ ತೀರಿಕೊಂಡರು. ಆ ಕ್ಲಾಸು ಮಾತ್ರ ಒಂದು ಗೆಲುವಿಗೆ ತೃಪ್ತಿಪಟ್ಟು ಕೂರಲಿಲ್ಲ. 1997ರ ಬ್ಯಾಚಿನವರು ಪೋಲಾರ್‌ಬೇರ್ ಎಂಬ ಇನ್ನೊಂದು ಅನಾಮಧೇಯ ತಂಡವನ್ನು ಆರಿಸಿ ಮೂರು ಹಾಡಿನ ರೆಕಾರ್ಡು ಮಾಡಿದರು. ಆ ತಂಡ ಆಮೇಲೆ ಸ್ನೋ ಪ್ಯಾಟ್ರೋಲ್ ಎಂದು ಹೆಸರು ಬದಲಿಸಿಕೊಂಡು, ಜೀಪ್‌ಸ್ಟರ್ ಸೇರಿ, ಮುಂದೆ ಜಗತ್ತಿನ ರೇಡಿಯೋಗಳಲ್ಲೆಲ್ಲ ಕೇಳಿಸಿತು. 2000ದ ಬ್ಯಾಚು ಬಿಫಿ ಕ್ಲೈರೊ ತಂಡವನ್ನು ಆರಿಸಿತು. ಅವರ ಮುಂದಿನ ವರ್ಷದವರು ಮತ್ತೆ ಡೆಮೊಗಳ ರಾಶಿ ಮುಂದಿಟ್ಟುಕೊಂಡು ಕೇಳಲು ಕೂತರು.