ಯೆರವಡಾದಲ್ಲಿ ನಮ್ಮ ಮಂದಿ ಕೆಲಸ ಹಿಡಿದದ್ದು

ಯೆರವಡಾ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಎರಡೇ. ಒಂದು ಜೈಲು, ಇನ್ನೊಂದು ಹುಚ್ಚಾಸ್ಪತ್ರೆ. ರಜೆಗೆ ಗದಗಿಗೆ ಹೋದಾಗ "ಯೆರವಡಾದಾಗ ಇರ್ತೀನಿ" ಅಂದರೆ "ಒಳಗೋ ಹೊರಗೋ?" ಅಂತ ಕೇಳುವ ಗೆಳೆಯರು ನನಗೆ ಇನ್ನೂ ಇದ್ದಾರೆ. ಮೂವತ್ತೈದು ವರ್ಷದಿಂದ ಅದೇ ಜೋಕು, ಅದೇ ನಗು. ಇರಲಿ ಬಿಡಿ. ನಾನು ಬರೆಯಬೇಕು ಅಂದುಕೊಂಡದ್ದು ಈ ಎರಡರ ಸುತ್ತಮುತ್ತ ತಗಡಿನ ಮನೆ ಕಟ್ಟಿಕೊಂಡು, ಕೆಲಸ ಹುಡುಕಿಕೊಂಡು, ಇಲ್ಲಿಯೇ ಬೇರು ಬಿಟ್ಟ ನಮ್ಮ ಕನ್ನಡದ ಮಂದಿಯ ಬಗ್ಗೆ.

ಮೊದಲು ಒಂದು ಪ್ರಶ್ನೆ. ಪುಣೆ ನಮಗೆ ಪರದೇಶವೇ? ಉತ್ತರ ನೀವು ಯಾವ ತಾಲೂಕಿನವರು, ಯಾವ ವರ್ಷ ಇಲ್ಲಿಗೆ ಬಂದವರು ಅನ್ನೋದರ ಮೇಲೆ ನಿಂತಿದೆ.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ 1956ರ ನವೆಂಬರ್ 1ರ ತನಕ ಪುಣೆ ಪರದೇಶ ಆಗಿರಲೇ ಇಲ್ಲ. ಎಲ್ಲ ಮುಂಬೈ ಇಲಾಖೆ. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ. ಅದಕ್ಕೂ ಮುಂಚೆ ಹೆಚ್ಚು ಓದಬೇಕು ಅನ್ನುವ ಹುಡುಗರು ರೈಲು ಹತ್ತಿ ಪುಣೆಗೇ ಬರಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲೇ. ಒಂದೇ ಇಲಾಖೆ ಅಂದ ಮೇಲೆ ಕೈದಿಗಳೂ ಇಲ್ಲಿಗೇ ಬರುತ್ತಿದ್ದರು ನೋಡಿ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನು 1932ರಲ್ಲಿ ನಾಲ್ಕು ತಿಂಗಳು ಇಟ್ಟದ್ದು ಯೆರವಡಾ ಜೈಲಿನಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಾಂಧೀಜಿ ಇದೇ ಜೈಲಿನಲ್ಲಿ ಉಪವಾಸ ಕೂತರು, 24ನೇ ತಾರೀಕು ಪುಣೆ ಒಪ್ಪಂದವಾಯಿತು.

ಮೈಸೂರಿನವರ ಲೆಕ್ಕ ಬೇರೆ. ಅವರಿಗೆ ಪುಣೆ ನಿಜಕ್ಕೂ ಬೇರೆ ರಾಜ್ಯ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಬಂದ ವಿಶ್ವೇಶ್ವರಯ್ಯನವರು 1883ರಲ್ಲಿ ಇಲ್ಲಿನ ಕಾಲೇಜ್ ಆಫ್ ಸೈನ್ಸ್‌ನಿಂದ ಎಂಜಿನಿಯರಿಂಗ್ ಮುಗಿಸಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕವಾಸಲಾ ಅಣೆಕಟ್ಟಿಗೆ ತಾನಾಗಿ ತೆರೆದುಕೊಳ್ಳುವ ಬಾಗಿಲು ಕೂರಿಸಿದ್ದು ಆ ನೌಕರಿಯಲ್ಲೇ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ತಿರುಗಿ ಹೋಗಿದ್ದು 1909ರಲ್ಲಿ. ಅಂದರೆ ಇಪ್ಪತ್ತೈದು ವರ್ಷ ಅವರೂ ನಮ್ಮ ಹಾಗೆ ಹೊರನಾಡ ಕನ್ನಡಿಗರೇ! ಕನ್ನಡ ಸಂಘಗಳ ರಾಜ್ಯೋತ್ಸವದ ಭಾಷಣಗಳಲ್ಲಿ ಈ ಹೆಸರುಗಳು ತಪ್ಪದೆ ಬರುತ್ತವೆ. ಬರಬೇಕಾದದ್ದೇ. ಆದರೆ ಭಾಷಣ ಅಲ್ಲಿಗೇ ಮುಗಿಯುತ್ತದೆ. ನನ್ನ ಓಣಿಯ ಕನ್ನಡ ಅಲ್ಲಿಗೆ ಬರೋದೇ ಇಲ್ಲ.

ನನ್ನ ಓಣಿಯವರು ಮೂರನೇ ಬಗೆ. ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು. ಸುರಪುರ, ಶಹಾಪುರ, ಸೇಡಂ, ಚಿತ್ತಾಪುರ. ಅವರ ಅಜ್ಜಂದಿರು 1948ರ ಸೆಪ್ಟೆಂಬರಿಗೆ ಮುಂಚೆ ಪುಣೆಗೆ ಬಂದಿದ್ದರೆ ಅದು ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಬಂದ ಹಾಗೆಯೇ. ನಮ್ಮ ಧಾರವಾಡದ ಕಡೆ ನಿಜಾಮನ ಸೀಮೆಗೆ 'ಮೊಗಲಾಯಿ' ಅಂತಿದ್ದರು. ಅಲ್ಲಿ ಕಚೇರಿ ಭಾಷೆ ಉರ್ದು, ಅಂಚೆಚೀಟಿ ಬೇರೆ, ನಾಣ್ಯವೂ ಬೇರೆ. ಅವರದು ಹಾಲಿ ಸಿಕ್ಕಾ, ಇತ್ತಲಾಗಿನದು ಕಲ್ದಾರ್. ಏಳು ಹಾಲಿ ರೂಪಾಯಿಗೆ ಸುಮಾರು ಆರು ಕಲ್ದಾರ್ ರೂಪಾಯಿ. ಮೊಗಲಾಯಿಂದ ಬಂದು ಪುಣೆಯಲ್ಲಿ ಒಂದು ಕಲ್ದಾರ್ ದುಡಿದವನ ಕೈಯಲ್ಲಿ ಊರಿನ ಲೆಕ್ಕಕ್ಕೆ ಒಂದು ರೂಪಾಯಿಗಿಂತ ಹೆಚ್ಚೇ ಇರುತ್ತಿತ್ತು.

ದಾರಿ ಮಾಡಿಕೊಟ್ಟದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1858ರಲ್ಲಿ ಪುಣೆ ಮುಟ್ಟಿತು, 1860ರಲ್ಲಿ ಸೊಲ್ಲಾಪುರ. ಮುಂದೆ ಕಲಬುರಗಿ, ವಾಡಿ, ಯಾದಗಿರಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲನ್ನು ಕೂಡಿತು. ಬ್ರಿಟಿಷರಿಗೆ ಅದು ಹತ್ತಿ ಸಾಗಿಸುವ, ಸೈನ್ಯ ಸಾಗಿಸುವ ಹಾದಿ. ಬರ ಬಿದ್ದ ವರ್ಷ ನಮ್ಮವರಿಗೆ ಅದು ಗುಳೆ ಹೋಗುವ ಹಾದಿ. ಬೆಂಗಳೂರಿಗಿಂತ ಪುಣೆ ಹತ್ತಿರ ಅನ್ನಿಸಿದ್ದು ಈ ಹಳಿಯಿಂದಲೇ. ನಕಾಶೆಯಲ್ಲಿ ರಾಜಧಾನಿ ಯಾವುದಾದರೂ ಇರಲಿ, ಹಸಿದವನಿಗೆ ರೈಲು ಎಲ್ಲಿಗೆ ಹೋಗುತ್ತದೋ ಅದೇ ರಾಜಧಾನಿ.

ಕೂಲಿಗೆ ಬರುವ ಮಂದಿಗೆ ಇಲ್ಲಿ ಹಳೆಯ ಹೆಸರೊಂದಿದೆ, ಕಾಮಾಟಿ. ಮುಂಬೈಯ ಕಾಮಾಟಿಪುರಕ್ಕೆ ಆ ಹೆಸರು ಬಂದದ್ದು ನಿಜಾಮನ ಸೀಮೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕಾಮಾಟಿಗಳಿಂದ. ಕಲ್ಲು ಒಡೆಯುವ ವಡ್ಡರ ಹೆಸರಿನಲ್ಲಿ ಪುಣೆಯಲ್ಲೇ ವಡಾರವಾಡಿ ಇದೆ. ಯೆರವಡಾದಲ್ಲಂತೂ ಕಲ್ಲಿನ ಕಟ್ಟಡಗಳಿಗೆ ಕಮ್ಮಿಯಿಲ್ಲ. ಡೆಕ್ಕನ್ ಕಾಲೇಜು, ಜೈಲು, ನದಿ ದಾಟಿಸುವ ಫಿಟ್ಜ್‌ಜೆರಾಲ್ಡ್ ಸೇತುವೆ, ಎಲ್ಲ ಹೆಚ್ಚು ಕಡಿಮೆ 1860–70ರ ಆಸುಪಾಸಿನವು.

ಡೆಕ್ಕನ್ ಕಾಲೇಜಿನ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆದ ಈ ಕಾಲೇಜು ಕರ್ನಾಟಕದ ಪ್ರಾಚೀನ ಇತಿಹಾಸಕ್ಕೆ ಮಾಡಿದ ಕೆಲಸ ಸಣ್ಣದಲ್ಲ. ಬಳ್ಳಾರಿಯ ಶಿಲಾಯುಗದ ಬಗ್ಗೆ ಬಿ. ಸುಬ್ಬರಾವ್ ಅವರ ಪುಸ್ತಕ 1948ರಲ್ಲಿ ಇಲ್ಲಿಂದಲೇ ಹೊರಬಂತು. ತೆಕ್ಕಲಕೋಟೆ ಅಗೆದ ಎಂ.ಎಸ್. ನಾಗರಾಜರಾವ್ ಅವರೂ ಇಲ್ಲಿಯವರೇ. ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ದಶಕಗಟ್ಟಲೆ ತಿರುಗಿ ಆದಿಮಾನವನ ನೆಲೆಗಳನ್ನು ಗುರುತಿಸಿದರು. ಅಲ್ಲಿನ ಇಸಾಂಪುರದಲ್ಲಿ ಸಿಕ್ಕಿದ್ದು ಸುಮಾರು ಹನ್ನೆರಡು ಲಕ್ಷ ವರ್ಷ ಹಿಂದೆ ಜನ ಸುಣ್ಣದಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ. ಒಂದು ರೀತಿಯ ಕಲ್ಲಿನ ಗಣಿ ಅನ್ನಿ. ಹುಣಸಗಿ ಇರೋದು ಸುರಪುರದ ಕಡೆ. ಯೆರವಡಾದ ವಿದ್ವಾಂಸರು ಜೀಪು ಹತ್ತಿ ಹುಣಸಗಿಗೆ ಕಲ್ಲು ನೋಡಲು ಹೋಗುತ್ತಿದ್ದ ಅದೇ ವರ್ಷಗಳಲ್ಲಿ ಆ ಸೀಮೆಯ ಮಂದಿ ಯೆರವಡಾಕ್ಕೆ ಕಲ್ಲು ಹೊರಲು ಬರುತ್ತಿದ್ದರು. ಕಾಲೇಜಿನ ಕಂಪೌಂಡಿನ ಹೊರಗೆ ಸಿಗುವ ಗೌಂಡಿಯೊಬ್ಬನಿಗೆ ಇದನ್ನು ಹೇಳಿದೆ. "ಹೌದೇನ್ರಿ ಸಾಹೇಬ್ರ, ನಮ್ಮ ಊರಾಗ ಏನೂ ಇಲ್ಲಂತ ನಾವ್ ಇಲ್ಲಿಗಿ ಬಂದ್ರ, ಇವ್ರು ಅಲ್ಲಿ ಹುಡಕ್ಲಾಕ ಹೋಗ್ಯಾರ?" ಅಂದ.

ದೊಡ್ಡ ಅಲೆ ಬಂದದ್ದು 1972ರ ಬರಗಾಲದಲ್ಲಿ. ಮರಾಠವಾಡಾದಿಂದಲೂ ಬಂದರು, ಕಲಬುರಗಿ ಕಡೆಯಿಂದಲೂ ಬಂದರು. ಆ ಹೊತ್ತಿಗೆ ಪಿಂಪರಿ–ಚಿಂಚವಾಡದಲ್ಲಿ ಕಾರಖಾನೆಗಳು ಎದ್ದಿದ್ದವು. ಕಾರಖಾನೆಯ ಒಳಗಿನ ಕೆಲಸಕ್ಕೆ ಶಾಲೆ ಕಲಿತಿರಬೇಕು. ಕಾರಖಾನೆ ಕಟ್ಟುವ ಕೆಲಸಕ್ಕೆ ಮೈ ಸಾಕು. 1982ರಲ್ಲಿ ನಾರಾಯಣಪುರ ಅಣೆಕಟ್ಟು ಆದ ಮೇಲೆ ಸುರಪುರ–ಶಹಾಪುರದ ಒಂದಷ್ಟು ಹೊಲಕ್ಕೆ ಕಾಲುವೆ ನೀರು ಬಂತು. ಕಾಲುವೆ ಮುಟ್ಟದ ಊರುಗಳ ಗುಳೆ ಮಾತ್ರ ನಿಲ್ಲಲಿಲ್ಲ.

ಕೆಲಸ ಹಿಡಿಯುವ ರೀತಿ ಹೇಗೆ ಅಂತ ಕೇಳುತ್ತೀರಾ? ಅರ್ಜಿ ಇಲ್ಲ, ಸಂದರ್ಶನ ಇಲ್ಲ. ಊರಿನವರೊಬ್ಬರು ಮೊದಲೇ ಇಲ್ಲಿರಬೇಕು, ಅಷ್ಟೇ. ಮೊದಲ ರಾತ್ರಿ ಅವರ ಜೋಪಡಿಯಲ್ಲಿ. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಾಕಾಕ್ಕೆ. ರಸ್ತೆ ಕೂಡುವಲ್ಲಿ ಕೂಲಿಯಾಳುಗಳು ನಿಲ್ಲುವ ಜಾಗಕ್ಕೆ ಇಲ್ಲಿ ನಾಕಾ ಅಂತಾರೆ, ಮರಾಠಿಯವರು ಮಜೂರ್ ಅಡ್ಡಾ ಅಂತಲೂ ಅನ್ನುತ್ತಾರೆ. ಎಂಟು ಗಂಟೆಗೆ ಗುತ್ತಿಗೆದಾರರು ಬರುತ್ತಾರೆ, ಮೈಕಟ್ಟು ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ. ಹತ್ತು ಗಂಟೆಯ ತನಕ ಯಾರೂ ಕರೆಯಲಿಲ್ಲ ಅಂದರೆ ಆ ದಿನ ಹೋಯಿತು. ಕಟ್ಟಿದ ಬುತ್ತಿಯನ್ನು ಅಲ್ಲೇ ಗೋಡೆಗೆ ಒರಗಿ ತಿಂದು ಮನೆಗೆ.

ಇನ್ನೊಂದು ದಾರಿ ಮುಕಾದಮನದು. ಅವನು ಊರಿಗೇ ಬಂದು ಮುಂಗಡ ಕೊಟ್ಟು ಗಂಡ–ಹೆಂಡತಿ ಜೋಡಿಯನ್ನು ಕರೆತರುತ್ತಾನೆ. ದಿನಗೂಲಿ ಕೈಗೆ ಸಿಗೋದಿಲ್ಲ. ವಾರಕ್ಕೊಮ್ಮೆ ಸಂತೆಗೆ ಆಗುವಷ್ಟು 'ಖರ್ಚಿ' ಕೊಡುತ್ತಾನೆ. ಉಳಿದದ್ದು ಕೆಲಸ ಮುಗಿದ ಮೇಲೆ ಲೆಕ್ಕ, ಮುಂಗಡ ಕಳೆದು. ಆ ಲೆಕ್ಕ ಅವನ ಡೈರಿಯಲ್ಲಿ ಇರುತ್ತದೆ, ಇವರಿಗೆ ಓದಲು ಬರೋದಿಲ್ಲ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು ಬಂತು, ಗುತ್ತಿಗೆದಾರ ಪ್ರಯಾಣದ ಖರ್ಚು ಕೊಡಬೇಕು, ಪಾಸ್‌ಬುಕ್ ಕೊಡಬೇಕು ಅಂತೆಲ್ಲ ಬರೆದಿದ್ದರು. ನನ್ನ ಓಣಿಯಲ್ಲಿ ಅಂಥ ಪಾಸ್‌ಬುಕ್ಕನ್ನು ನಾನು ಕಣ್ಣಾರೆ ಕಂಡಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾನೂನು ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಕೇಳಿತು. ನಾಕಾದಲ್ಲಿ ನಿಂತು ದಿನಕ್ಕೊಬ್ಬ ಧಣಿಯ ಹತ್ತಿರ ದುಡಿಯುವವನು ಯಾರಿಂದ ಚೀಟಿ ತರಬೇಕು, ನೀವೇ ಹೇಳಿ.

ಬಂದವನು ಮೊದಲು ಬಿಗಾರಿ, ಅಂದರೆ ಕೈಯಾಳು. ನಾಲ್ಕೈದು ವರ್ಷ ಕಣ್ಣಿಟ್ಟು ಕಲಿತರೆ ಕೈಗೆ ಕರಣೆ ಬಂದು ಗೌಂಡಿ ಆಗುತ್ತಾನೆ, ಕೂಲಿ ಏರುತ್ತದೆ. ಆದರೆ ಹೆಂಗಸು ಮಾತ್ರ ಬಿಗಾರಿಯಾಗಿ ಬಂದು ಬಿಗಾರಿಯಾಗಿಯೇ ಮುದುಕಿಯಾಗುತ್ತಾಳೆ. ನಾವು ಪುಟ್ಟಿ ಅನ್ನುವುದಕ್ಕೆ ಇಲ್ಲಿ ಘಮೇಲಾ ಅಂತಾರೆ. ಇಪ್ಪತ್ತು ವರ್ಷ ಘಮೇಲಾ ಹೊತ್ತ ಹೆಂಗಸಿಗೆ ಯಾರೂ ಕರಣೆ ಕೊಟ್ಟದ್ದನ್ನು ನಾನು ನೋಡಿಲ್ಲ. ಬೆನ್ನು ಸೋತ ಮೇಲೆ ಅವಳು ಸೊಸೈಟಿಗಳಲ್ಲಿ 'ಧುಣಿ–ಭಾಂಡಿ'ಗೆ, ಅಂದರೆ ಬಟ್ಟೆ–ಪಾತ್ರೆ ಕೆಲಸಕ್ಕೆ ಹೋಗುತ್ತಾಳೆ. ಮರಾಠಿ ಮೊದಲು ಕಲಿಯುವವಳೂ ಅವಳೇ.

ಇನ್ನು ಮನೆ. ಮೊದಲು ತಾಡಪತ್ರಿ, ಆಮೇಲೆ ತಗಡು, ಆಮೇಲೆ ಒಂದು ಮೊಳದ ಇಟ್ಟಿಗೆ ಗೋಡೆ. ಊರಿಗೆಲ್ಲ ಮನೆ ಕಟ್ಟುವವನು ತನ್ನದನ್ನು ಕಟ್ಟಿಕೊಳ್ಳಲು ಇಪ್ಪತ್ತು ವರ್ಷ. ಅದೂ ಕಾಗದ ಇದ್ದರೆ. ಮಹಾರಾಷ್ಟ್ರದಲ್ಲಿ ಜೋಪಡಿಗೆ ರಕ್ಷಣೆ ಸಿಗಬೇಕಾದರೆ 1995ರ ಜನವರಿ 1ಕ್ಕೆ ಮುಂಚಿನಿಂದ ಇದ್ದೆ ಅಂತ ತೋರಿಸಬೇಕಿತ್ತು, ಮುಂದೆ ಅದನ್ನು 2000ದ ಜನವರಿ 1 ಮಾಡಿದರು. ಹಾಗಾಗಿ ಒಂದು ಹಳೆಯ ವಿದ್ಯುತ್ ಬಿಲ್ಲು, ಫೋಟೋಪಾಸ್, ರೇಷನ್ ಕಾರ್ಡು ಇಲ್ಲಿನವರಿಗೆ ಬಂಗಾರ ಇದ್ದ ಹಾಗೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಇಟ್ಟಿರುತ್ತಾರೆ. ಯೆರವಡಾದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು ಅನ್ನಬೇಕು. ನೆಹರೂ ನಗರ ನವೀಕರಣ ಯೋಜನೆಯಡಿ 2009ರ ನಂತರ ನೇತಾಜಿನಗರ, ಮದರ್ ತೆರೇಸಾ ನಗರದಂಥ ವಸ್ತಿಗಳಲ್ಲಿ ಜನರನ್ನು ಎಬ್ಬಿಸದೆ ಇದ್ದ ಜಾಗದಲ್ಲೇ 270 ಚದರಡಿಯ ಗಟ್ಟಿ ಮನೆ ಕಟ್ಟಿಕೊಟ್ಟರು. ಖರ್ಚಿನಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರ ಮನೆಯವರದು. ಪಕ್ಕದ ಮನೆಯವರು ಪಕ್ಕದಲ್ಲೇ ಉಳಿದರು. ಊರಿನವರ ಆಸರೆಯಿಂದಲೇ ಕೆಲಸ ಸಿಗುವ ಮಂದಿಗೆ ಅದರ ಬೆಲೆ ಏನು ಅಂತ ಏಳು ಮಹಡಿಯ ಫ್ಲಾಟು ಕೊಡುವವರಿಗೆ ತಿಳಿಯೋದಿಲ್ಲ.

ಕಾಗದದ ಮಾತಿನಲ್ಲಿ ಇನ್ನೂ ದೊಡ್ಡ ಗಂಟು ಜಾತಿ ಪ್ರಮಾಣಪತ್ರದ್ದು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಬೇಕಾದರೆ ನಿಮ್ಮ ಹಿರಿಯರು 1950ರ ಆಗಸ್ಟ್ 10ರಂದು ಈ ರಾಜ್ಯದಲ್ಲಿ ಇದ್ದರು ಅಂತ ತೋರಿಸಬೇಕು. ವಿಮುಕ್ತ ಜಾತಿಗೆ 1961ರ ನವೆಂಬರ್ 21. ಇತರ ಹಿಂದುಳಿದವರಿಗೆ 1967ರ ಅಕ್ಟೋಬರ್ 13. 1972ರ ಬರಕ್ಕೆ ಬಂದವರು ಈ ಮೂರಕ್ಕೂ ತಡವಾದವರು! ಲಂಬಾಣಿಗಳನ್ನೇ ನೋಡಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ವಡ್ಡರದೂ ಹಾಗೇ. ಅಲ್ಲಿ ಪರಿಶಿಷ್ಟರು, ಇಲ್ಲಿ ವಿಮುಕ್ತರು. ತಾಂಡಾದಲ್ಲಿ ಬಿಟ್ಟುಬಂದ ಅಣ್ಣನ ಮಗನಿಗೆ ಸಿಗುವ ಸೀಟು ಯೆರವಡಾದಲ್ಲೇ ಹುಟ್ಟಿದ ತಮ್ಮನ ಮಗನಿಗೆ ಇಲ್ಲ. ಆಂಧ್ರದಿಂದ ಅಪ್ಪನ ನೌಕರಿಯ ಜೊತೆ ಚಿಕ್ಕಂದಿನಲ್ಲೇ ಮುಂಬೈಗೆ ಬಂದ ಹುಡುಗನೊಬ್ಬನ ವೈದ್ಯಕೀಯ ಸೀಟಿನ ಮೊಕದ್ದಮೆಯಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಒಂದು ರಾಜ್ಯದ ಪಟ್ಟಿಯ ಸೌಲಭ್ಯ ಇನ್ನೊಂದು ರಾಜ್ಯಕ್ಕೆ ಹೊತ್ತುಕೊಂಡು ಹೋಗಲಿಕ್ಕೆ ಬರೋದಿಲ್ಲ ಅಂತ. ಆಯಾ ರಾಜ್ಯದ ಹಿಂದುಳಿಯುವಿಕೆ ಆಯಾ ರಾಜ್ಯದ್ದು ಅನ್ನುವ ವಾದ ನನಗೂ ಅರ್ಥವಾಗುತ್ತದೆ. ಆದರೆ ಜಾತಿ ಮಾತ್ರ ರೈಲಿನಲ್ಲಿ ಜೊತೆಗೇ ಬರುತ್ತದೆ. ನಾಕಾದಲ್ಲಿ ಜೊತೆಗೇ ನಿಲ್ಲುತ್ತದೆ. ಸೌಲಭ್ಯ ಮಾತ್ರ ವಾಡಿ ಜಂಕ್ಷನ್ನಿನಲ್ಲಿ ಇಳಿದುಬಿಡುತ್ತದೆ.

ಅದಕ್ಕೇ ಎಷ್ಟೋ ಮನೆಗಳವರು ಎರಡೂ ಕಡೆ ಕಾಲಿಟ್ಟಿರುತ್ತಾರೆ. ವೋಟು ಇಲ್ಲಿ, ಜಾತಿ ಕಾಗದ ಅಲ್ಲಿ. ಮಗಳ ಶಾಲೆ ಇಲ್ಲಿ, ಮದುವೆ ಅಲ್ಲಿ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಓಣಿಯ ಅರ್ಧ ಮನೆಗಳಿಗೆ ಬೀಗ.

ಎರಡು ದೋಣಿಯ ಆ ಬದುಕು 2020ರಲ್ಲಿ ಮಗುಚಿತು. ಮಾರ್ಚ್ 24ರ ರಾತ್ರಿ ಎಲ್ಲ ಬಂದ್ ಆದ ಮೇಲೆ ನಾಕಾ ಖಾಲಿ, ಖರ್ಚಿ ನಿಂತಿತು. ಒಂದೂವರೆ ತಿಂಗಳು ಹೇಗೋ ತಳ್ಳಿದರು. ಕೊನೆಗೆ ಊರಿಗೆ ಹೊರಟರೆ ಮೇ 18ಕ್ಕೆ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ಇಲ್ಲ ಅಂದುಬಿಟ್ಟಿತು. ಅದಕ್ಕೂ ಮುಂಚೆ ಹೇಗೋ ಮುಟ್ಟಿದವರು ಸರ್ಕಾರಿ ಶಾಲೆಗಳಲ್ಲಿ ಕ್ವಾರಂಟೈನ್. ಯಾದಗಿರಿ, ಕಲಬುರಗಿಯ ಸುದ್ದಿಗಳಲ್ಲಿ ದಿನಾ ಒಂದೇ ಸಾಲು, 'ಮಹಾರಾಷ್ಟ್ರದಿಂದ ಬಂದವರು'. ನಮ್ಮ ಓಣಿಯ ಒಬ್ಬ ಅಜ್ಜಿ ಫೋನಿನಲ್ಲಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಅಲ್ಲಿ ನಮಗ ಕಾನಡಿ ಮಂದಿ ಅಂತಾರ್ರಿ ಅಣ್ಣಾ, ಇಲ್ಲಿ ಪುಣೇದವ್ರು ಅಂತ ಊರ ಬಾವಿಗಿ ಬಿಡವಲ್ರು." ನಾಲ್ಕು ತಿಂಗಳಿಗೆ ತಿರುಗಿ ಬಂದರು. ಬರದೆ ಮತ್ತೇನು ಮಾಡುತ್ತಾರೆ?

ಈಗ ನಾಕಾದಲ್ಲಿ ಕನ್ನಡ ಕಡಿಮೆಯಾಗುತ್ತಿದೆ. 2022ರ ಫೆಬ್ರವರಿ 3ರ ರಾತ್ರಿ ನಮ್ಮ ಯೆರವಡಾದ ಶಾಸ್ತ್ರಿನಗರದಲ್ಲಿ ಕಟ್ಟುತ್ತಿದ್ದ ಕಟ್ಟಡದ ಕಬ್ಬಿಣದ ಹಂದರ ಕುಸಿದು ಐದು ಜನ ಸತ್ತರಲ್ಲ, ಅವರು ಬಿಹಾರದವರು. ಐವತ್ತು ವರ್ಷದ ಹಿಂದೆ ಆ ಜಾಗದಲ್ಲಿ ಸುರಪುರದವರು ಇರುತ್ತಿದ್ದರು. ನಮ್ಮವರ ಮಕ್ಕಳು ಕೆಲವರು ರಿಕ್ಷಾ ಓಡಿಸುತ್ತಾರೆ, ಕೆಲವರು ಕಾಮರ್‌ಝೋನ್‌ನ ಐಟಿ ಕಂಪನಿಗಳಲ್ಲಿ ಹೌಸ್‌ಕೀಪಿಂಗ್, ಸೆಕ್ಯುರಿಟಿ. ಒಬ್ಬಿಬ್ಬರು ಒಳಗೆ ಕಂಪ್ಯೂಟರಿನ ಮುಂದೂ ಕೂತಿದ್ದಾರೆ. ಅವರು ಅಪ್ಪನ ಜೊತೆ ಕನ್ನಡ, ತಮ್ಮತಮ್ಮಲ್ಲಿ ಮರಾಠಿ. ನಾಲ್ಕೈದು ಹಳೆಯ ಗೌಂಡಿಗಳು ಈಗ ಸಣ್ಣ ಮುಕಾದಮರಾಗಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಮೋಟಾರ್ ಸೈಕಲ್ ಮೇಲೆ ನಾಕಾಕ್ಕೆ ಹೋಗಿ, ಕಲಬುರಗಿ ಧಾಟಿಯ ಹಿಂದಿಯಲ್ಲಿ ಬಿಹಾರದ ಹುಡುಗರ ಜೊತೆ ಕೂಲಿ ಚೌಕಾಸಿ ಮಾಡುತ್ತಾರೆ. ಖರ್ಚಿಯ ಲೆಕ್ಕ ಮಾತ್ರ ಡೈರಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಾರೆ.