ಸೋತವರು ಎದ್ದು ಜಾಗ ಬಿಡಬೇಕು

ಚೆನ್ನೈ ಭಾರತದ ಚೆಸ್ ರಾಜಧಾನಿಯಾದದ್ದು ಹೇಗೆ? ತಮಿಳರ ಗಣಿತದ ತಲೆ ಎನ್ನುವವರಿದ್ದಾರೆ, ವಿಶ್ವನಾಥನ್ ಆನಂದ್ ಎಂಬ ಒಬ್ಬ ಪ್ರತಿಭಾವಂತನ ಪ್ರಭಾವ ಎನ್ನುವವರಿದ್ದಾರೆ. ನನಗೆ ಕಾಣುವ ಉತ್ತರ ಇನ್ನೂ ಸರಳವಾದದ್ದು. ಶಾಲೆಯ ಗಂಟೆ ಬಾರಿಸಿದ ಮೇಲೆ ಮಕ್ಕಳು ಹೋಗಬಹುದಾದ ಒಂದು ಕೋಣೆ ಆ ಊರಿನಲ್ಲಿತ್ತು.

ಆ ಕೋಣೆಯ ಮೂಲ ದೂರದಲ್ಲಿದೆ. ಸೋವಿಯತ್ ಒಕ್ಕೂಟದ ನಗರಗಳಲ್ಲಿ ‘ಪಯೋನಿಯರ್ ಅರಮನೆ’ಗಳೆಂಬ ಮಕ್ಕಳ ಕೇಂದ್ರಗಳಿದ್ದವು. ಶಾಲೆ ಬಿಟ್ಟ ಮಕ್ಕಳಿಗೆ ಅಲ್ಲಿ ಸಂಗೀತ, ವಿಜ್ಞಾನ, ಚೆಸ್ ಎಲ್ಲವನ್ನೂ ಕಲಿಸುತ್ತಿದ್ದರು. ಮುಂದೆ ವಿಶ್ವ ಚಾಂಪಿಯನ್ ಆದ ಬೋರಿಸ್ ಸ್ಪಾಸ್ಕಿ, ಯುದ್ಧಾನಂತರದ ಲೆನಿನ್‌ಗ್ರಾಡಿನ ಅಂಥದೊಂದು ಅರಮನೆಯಲ್ಲಿ ಬೆಳೆದ ಹುಡುಗ.

1972ರಲ್ಲಿ, ಸ್ಪಾಸ್ಕಿ ತನ್ನ ಪಟ್ಟವನ್ನು ಬಾಬಿ ಫಿಷರನಿಗೆ ಬಿಟ್ಟುಕೊಟ್ಟ ವರ್ಷವೇ, ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಚೆಸ್ ಕ್ಲಬ್ ಶುರುವಾಯಿತು. ರೀಗಾ ನಗರದ ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಹೆಸರನ್ನು ಅದಕ್ಕೆ ಇಟ್ಟರು. ಕಟ್ಟಿದವರು ಮ್ಯಾನುಯೆಲ್ ಆರನ್. ಅವರು 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದವರು, 9 ಬಾರಿ ರಾಷ್ಟ್ರೀಯ ಚಾಂಪಿಯನ್. ಮಣೆ, ಕಾಯಿ, ಚೆಸ್ ಗಡಿಯಾರ, ಸೋವಿಯತ್ ಪುಸ್ತಕಗಳು ಅಲ್ಲೇ ಸಿಗುತ್ತಿದ್ದವು. ಇವೆಲ್ಲ ಅಂದಿನ ಮಧ್ಯಮ ವರ್ಗದ ಮನೆಗೂ ಸುಲಭಕ್ಕೆ ಎಟುಕುವ ವಸ್ತುಗಳಾಗಿರಲಿಲ್ಲ.

6ನೇ ವಯಸ್ಸಿಗೆ ತಾಯಿ ಸುಶೀಲಾ ಅವರಿಂದ ಆಟ ಕಲಿತ ಆನಂದ್, ಈ ಕ್ಲಬ್ಬಿಗೆ ಬಂದು ಸೇರಿದ. ಅಲ್ಲಿನ ಬ್ಲಿಟ್ಜ್ ಆಟಕ್ಕೆ ಒಂದೇ ನಿಯಮ: ಗೆದ್ದವರು ಕೂತಿರಬಹುದು, ಸೋತವರು ಎದ್ದು ಸಾಲಿನ ಕೊನೆಗೆ ಹೋಗಬೇಕು. ಎದುರಿಗೆ ಕೂತವರು ಆಫೀಸು ಮುಗಿಸಿ ಬಂದ ಹಿರಿಯರೇ ಇರಲಿ, ಶಾಲೆಯ ಹುಡುಗರೇ ಇರಲಿ, ರಿಯಾಯಿತಿ ಇಲ್ಲ. ಕುರ್ಚಿ ಉಳಿಸಿಕೊಳ್ಳಲು ಬೇಗ ಯೋಚಿಸಲೇಬೇಕು. ಮುಂದೆ ಜಗತ್ತನ್ನು ಬೆರಗುಗೊಳಿಸಿದ ಆನಂದನ ವೇಗ ಪಳಗಿದ್ದು ಇಂಥ ಸಂಜೆಗಳಲ್ಲಿ. 1987ರಲ್ಲಿ ಆತ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್.

ಇಂದು ದೇಶದಲ್ಲಿ 80ಕ್ಕೂ ಹೆಚ್ಚು ಗ್ರ್ಯಾಂಡ್‌ಮಾಸ್ಟರ್‌ಗಳಿದ್ದಾರೆ. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ತಮಿಳುನಾಡಿನವರು. 2013ರಲ್ಲಿ ಚೆನ್ನೈನ ಶಾಲೆಯೊಂದರಲ್ಲಿ 7 ವರ್ಷದ ಡಿ. ಗುಕೇಶ್ ವಾರಕ್ಕೆ 3 ದಿನ, ದಿನಕ್ಕೊಂದು ಗಂಟೆ ಚೆಸ್ ಕಲಿಯತೊಡಗಿದ. 2024ರ ಡಿಸೆಂಬರ್ 12ರಂದು, 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ.

ಆದರೆ ಆ ಒಂದು ಗಂಟೆಯ ಪಾಠ ಮತ್ತು ಪಟ್ಟದ ನಡುವಿನ ದಾರಿ ದುಬಾರಿಯದು. ಮಗನ ಜೊತೆ ಟೂರ್ನಿಗಳಿಗೆ ಓಡಾಡಲು ಗುಕೇಶನ ತಂದೆ ವೈದ್ಯವೃತ್ತಿಯನ್ನೇ ಬದಿಗಿಟ್ಟರು. ಮನೆ ನಡೆದದ್ದು ತಾಯಿಯ ಸಂಬಳದಲ್ಲಿ. ಆನಂದನ ತಂದೆಯೂ ರೈಲ್ವೆಯ ದೊಡ್ಡ ಅಧಿಕಾರಿ. ಸಂಜೆಯ ಕೋಣೆ ಎಲ್ಲರಿಗೂ ತೆರೆದಿದ್ದರೂ, ಅಲ್ಲಿಂದ ಬಹುದೂರ ಹೋದವರ ಬೆನ್ನಿಗೆ ಗಟ್ಟಿ ಮನೆಗಳಿದ್ದವು.

ಹಾಗೆಂದು ಬಡವರ ಬಡಾವಣೆಯಲ್ಲಿ ಇದು ಆಗದ ಮಾತೇನಲ್ಲ. ಅದೇ 2024ರಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ 3 ಚಿನ್ನ ಗೆದ್ದ ಎಂ. ಖಾಜಿಮಾ, ಉತ್ತರ ಚೆನ್ನೈನ ಆಟೋ ಚಾಲಕರೊಬ್ಬರ ಮಗಳು. ಆ ಭಾಗದ ಗಲ್ಲಿಗಳಲ್ಲಿ ಕೇರಂ ಬೋರ್ಡಿನ ಸುತ್ತ ಸಂಜೆ ಕಳೆಯುವುದು ಹಳೆಯ ರೂಢಿ. 1991 ಮತ್ತು 1995ರ ವಿಶ್ವ ಚಾಂಪಿಯನ್ ಮರಿಯಾ ಇರುದಯಂ ಕೂಡ ಇದೇ ಊರಿನವರು.

ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಅದರ ಸಾಂಸ್ಕೃತಿಕ ಕೇಂದ್ರದ ಒಂದು ಕೋಣೆಯಿಂದ ಹೊರಟ ಆಟ ಮಾತ್ರ ಊರಿನಲ್ಲಿ ಉಳಿಯಿತು. ನಮ್ಮ ನಗರಗಳಲ್ಲಿ ಈಗ ಶಾಲೆ ಬಿಟ್ಟ ಮಕ್ಕಳಿಗೆ ಟ್ಯೂಷನ್ ಇದೆ, ಫೀಸು ಕಟ್ಟಿದರೆ ಅಕಾಡೆಮಿ ಇದೆ. ಸೋತ ಹುಡುಗಿ ಎದ್ದು ಹೋಗಿ ಮತ್ತೆ ಸಾಲಿನಲ್ಲಿ ನಿಲ್ಲಬಹುದಾದ, ಯಾರೂ ಫೀಸು ಕೇಳದ ಕೋಣೆ ನಿಮ್ಮ ಬಡಾವಣೆಯಲ್ಲಿ ಇದೆಯೇ?